ಸೂರತ್ತಿನ ಎತ್ತಿಗೆ ಜ್ವರ, ದಾವಣಗೆರೆಯ ಎಮ್ಮೆಗೆ ಬರೆ!

ಮಾಲು ಮುಟ್ಟದೆ ಮಾರುವವರೇ, ಕಳಿಸುವವನ ಮೇಲೆ ಕಣ್ಣಿರಲಿ

ದಾವಣಗೆರೆ: ಅಂಗಡಿಯಲ್ಲಿ ಸೀರೆ ಇಲ್ಲ. ಗೋದಾಮು ಇಲ್ಲ. ಗಲ್ಲಾಪೆಟ್ಟಿಗೆಯೂ ಇಲ್ಲ. ಆದರೂ ಸೀರೆ ವ್ಯಾಪಾರ ಉಂಟು!

ಇದೇನು ಮಾಯ ಅಂತೀರಾ? ಶಿವಮೊಗ್ಗದ ಗಿರಾಕಿ ಮೊಬೈಲಿನಲ್ಲಿ ಚಿತ್ರ ನೋಡಿ ಸೀರೆ ಕೇಳುತ್ತಾರೆ. ದಾವಣಗೆರೆಯ ವ್ಯಾಪಾರಿ ಆ ಆರ್ಡರನ್ನು ಸೂರತ್ತಿಗೆ ದಾಟಿಸುತ್ತಾನೆ. ಸೂರತ್ತಿನವನು ಸೀರೆಯನ್ನು ನೇರವಾಗಿ ಶಿವಮೊಗ್ಗಕ್ಕೇ ಕೊರಿಯರ್ ಮಾಡುತ್ತಾನೆ. ನಡುವಿನ ವ್ಯಾಪಾರಿ ಆ ಸೀರೆಯ ಸೆರಗನ್ನು ಕೂಡ ಕಂಡಿರುವುದಿಲ್ಲ. ಕೊಂಡ ದರಕ್ಕೂ ಮಾರಿದ ದರಕ್ಕೂ ನಡುವೆ ಉಳಿದಷ್ಟು ಅವನ ಲಾಭ.

ಇದಕ್ಕೆ ಡ್ರಾಪ್ ಶಿಪ್ಪಿಂಗ್ ಎಂದು ಹೆಸರು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೀಶೋ ಕಂಪನಿ ಆರಂಭದ ವರ್ಷಗಳಲ್ಲಿ ಬೆಳೆದದ್ದು ಇಂಥದೇ ದಾರಿಯಲ್ಲಿ. ಮನೆಯಲ್ಲಿರುವ ಹೆಂಗಸರು ವಾಟ್ಸಪ್ಪಿನಲ್ಲಿ ಚಿತ್ರ ಹಂಚಿ, ತಮ್ಮ ಲಾಭ ಸೇರಿಸಿ ಮಾರಿದರು. ಬಂಡವಾಳ ಕಡಿಮೆ, ಬಾಡಿಗೆ ಇಲ್ಲ. ಅಂಗಡಿ ಇಟ್ಟವರಿಗೂ, ಇಡಲಾಗದವರಿಗೂ ಆಸೆ ಹುಟ್ಟುವುದು ಸಹಜವೇ.

ಹಾಗೆ ನೋಡಿದರೆ ನಮ್ಮ ಮಂಡಿಪೇಟೆಗೆ ಇದು ತೀರಾ ಹೊಸ ಸಂಗತಿಯೂ ಅಲ್ಲ. ತನ್ನದಲ್ಲದ ಮಾಲನ್ನು ಮಾರಿ ಕಮಿಷನ್ ಪಡೆಯುವ ದಲ್ಲಾಳಿಯನ್ನು ಈ ಊರು ಯಾವತ್ತಿನಿಂದಲೂ ಬಲ್ಲದು. ಆದರೆ ದಲ್ಲಾಳಿ ಚೀಲಕ್ಕೆ ಚುಚ್ಚಿ, ಕಾಳನ್ನು ಅಂಗೈಗೆ ಸುರಿದುಕೊಂಡು, ಒಂದನ್ನು ಕಚ್ಚಿ ನೋಡುತ್ತಾನೆ. ಕೊಡುವವನೂ ಕೊಳ್ಳುವವನೂ ಅವನ ಎದುರಿಗೇ ನಿಂತಿರುತ್ತಾರೆ. ಮೊಬೈಲಿನ ವ್ಯಾಪಾರದಲ್ಲಿ ನೋಡಲಿಕ್ಕೆ ಸಿಗುವುದು ಚಿತ್ರ ಮಾತ್ರ!

ಬೈಗುಳ ಯಾರಿಗೆ?

ನೀಲಿ ಸೀರೆ ಕೇಳಿದವರಿಗೆ ಹಸಿರು ಹೋಯಿತು ಅನ್ನಿ. ಕೈಮಗ್ಗದ ಇಳಕಲ್ ಎಂದು ಚಿತ್ರ ಹಾಕಿದಲ್ಲಿ ಪವರ್‌ಲೂಮಿನದು ಹೋಯಿತು ಅನ್ನಿ. ತಪ್ಪು ಸೂರತ್ತಿನಲ್ಲೋ ಮತ್ತೆಲ್ಲೋ ಆಗಿದೆ. ಗಿರಾಕಿ ಫೋನು ಮಾಡುವುದು ಮಾತ್ರ ದಾವಣಗೆರೆಗೆ. "ನಂಗೇನ್ ಗೊತ್ತು ಸ್ವಾಮಿ, ಮಾಲು ಕಳಿಸಿದವನು ಬೇರೆಯವನು" ಎಂದು ಕೈ ತೊಳೆದುಕೊಳ್ಳಬಹುದೇ?

ಆಗುವುದಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು ಈ ಬಗ್ಗೆ ಖಡಾಖಂಡಿತವಾಗಿವೆ. ಮಾಲು ಹಾಳಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ಹೋದರೆ ಮಾರಿದವನು ಅದನ್ನು ವಾಪಸ್ ಪಡೆಯಲು ಅಥವಾ ಹಣ ಮರಳಿಸಲು ಒಲ್ಲೆ ಎನ್ನುವಂತಿಲ್ಲ. ದೂರು ಬಂದ 48 ಗಂಟೆಯೊಳಗೆ ಮುಟ್ಟಿತು ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗಿರಾಕಿ ತಾನು ವಾಸವಿರುವ ಊರಿನ ಜಿಲ್ಲಾ ಆಯೋಗದಲ್ಲೇ ದಾವೆ ಹೂಡಬಹುದು. ಬೀದರಿನ ಗಿರಾಕಿ ಬೀದರಿನಲ್ಲಿ ಕೇಸು ಹಾಕಿದರೆ, ಉತ್ತರ ಹೇಳಬೇಕಾದ್ದು ದಾವಣಗೆರೆಯ ಬಡಪಾಯಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ.

ಹತ್ತು ಸೀರೆಯ ಲೆಕ್ಕ

ಒಂದು ಲೆಕ್ಕ ಹಾಕಿ ನೋಡೋಣ. ಸೂರತ್ತಿನ ದರ 450 ರೂಪಾಯಿ. ಕೊರಿಯರ್ 70. ಜಾಹೀರಾತಿಗೆ ಒಂದು ಆರ್ಡರಿಗೆ 60. ಮಾರುವ ಬೆಲೆ 699. ಕೈಗೆ ಉಳಿಯುವುದು 119 ರೂಪಾಯಿ. ಪರವಾಗಿಲ್ಲ ಅನಿಸುತ್ತದೆ, ಅಲ್ಲವೇ?

ಇನ್ನು ವಾಪಸ್ ಬಂದ ಸೀರೆಯ ಕತೆ ಕೇಳಿ. ಹೋಗುವ ಕೊರಿಯರ್ 70, ಬರುವ ಕೊರಿಯರ್ 70, ಜಾಹೀರಾತಿನ 60. ಒಟ್ಟು 200 ರೂಪಾಯಿ ಕೈಬಿಟ್ಟಿತು. ಹತ್ತರಲ್ಲಿ ಮೂರು ವಾಪಸಾದರೆ ಉಳಿದ ಏಳರ ಲಾಭ 833ರಲ್ಲಿ 600 ಕಳೆದು 233 ಉಳಿಯುತ್ತದೆ. ನಾಲ್ಕು ವಾಪಸಾದರೆ? ಲಾಭ 714, ನಷ್ಟ 800. ಕೈಯಿಂದಲೇ 86 ರೂಪಾಯಿ ಹಾಕಬೇಕು! ಇದು ಸೂರತ್ತಿನವನು ಸೀರೆಯನ್ನು ತಕರಾರಿಲ್ಲದೆ ಪೂರ್ತಿ ಬೆಲೆಗೆ ಹಿಂದೆ ಪಡೆದಾಗಿನ ಲೆಕ್ಕ. "ಮಡಿಕೆ ಬಿಚ್ಚಿದೆ, ಬೇಡ" ಎಂದನೋ, 450 ರೂಪಾಯಿಯೂ ಗೋವಿಂದ.

ಅಂದ ಮೇಲೆ ಈ ವ್ಯಾಪಾರದ ಜೀವ ಇರುವುದು ಕಳಿಸುವವನ ಕೈಯಲ್ಲಿ. ಅವನು ಐದು ರೂಪಾಯಿ ದರ ಇಳಿಸುವುದಕ್ಕಿಂತ, ಹತ್ತರಲ್ಲಿ ಒಂದು ತಪ್ಪು ಕಡಿಮೆ ಮಾಡುವುದು ಮೇಲು.

ಕಾಲುಭಾಗ ವ್ಯಾಪಾರ ಬಿಟ್ಟವರು

ಈ ಪಾಠವನ್ನು ದೊಡ್ಡವರೂ ಕಲಿತಿದ್ದಾರೆ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ಜಪ್ಪೋಸ್ ಎಂಬ ಕಂಪನಿ ಅಂತರಜಾಲದಲ್ಲಿ ಚಪ್ಪಲಿ, ಶೂ ಮಾರುತ್ತಿತ್ತು. ಮೊದಮೊದಲು ತನ್ನ ಬಳಿ ಮಾಲು ಇಡದೆ, ತಯಾರಕರಿಂದಲೇ ಗಿರಾಕಿಗೆ ಕಳಿಸುತ್ತಿತ್ತು. ತಯಾರಕರು ಕೊಡುವ ದಾಸ್ತಾನು ಪಟ್ಟಿ ಸರಿಯಾಗಿದ್ದರೂ ನೂರಕ್ಕೆ 95ರಷ್ಟೇ. ಮಿಕ್ಕ ಆರ್ಡರುಗಳಿಗೆ, ದುಡ್ಡು ಪಡೆದ ಮೇಲೆ "ಮಾಲಿಲ್ಲ" ಎನ್ನಬೇಕಾಗುತ್ತಿತ್ತು. 2003ರಲ್ಲಿ ಈ ಪದ್ಧತಿಯನ್ನೇ ಕಂಪನಿ ಕೈಬಿಟ್ಟಿತು. ಆಗ ಅದರ ಮಾರಾಟದಲ್ಲಿ ಸುಮಾರು ಕಾಲುಭಾಗ ಈ ದಾರಿಯಿಂದಲೇ ಬರುತ್ತಿತ್ತು! ಆರು ವರ್ಷದ ನಂತರ, 2009ರಲ್ಲಿ ಅಮೆಜಾನ್ ಆ ಕಂಪನಿಯನ್ನು ಕೊಂಡುಕೊಂಡಿತು.

ನಮ್ಮ ಸಣ್ಣ ವ್ಯಾಪಾರಿಗಳಿಗೆ ಗೋದಾಮು ಕಟ್ಟುವ ಶಕ್ತಿ ಎಲ್ಲಿಂದ ಬರಬೇಕು? ಅವರಿಗೆ ಇರುವ ದಾರಿ ಒಂದೇ: ಕಳಿಸುವವನನ್ನು ಬಿಗಿಯಾಗಿ ಹಿಡಿಯುವುದು.

ಹಿಡಿಯುವ ಬಗೆ

ಮೊದಲು, ಅವನಿಗೆ ನೀವೇ ಗಿರಾಕಿಯಾಗಿ. ಹಾವೇರಿಯಲ್ಲೋ ಹರಿಹರದಲ್ಲೋ ಇರುವ ನೆಂಟರ ವಿಳಾಸಕ್ಕೆ, ಅವರ ಹೆಸರಿನಲ್ಲೇ ಎರಡು ಸೀರೆ ತರಿಸಿ. ಎಷ್ಟು ದಿನಕ್ಕೆ ಬಂತು, ಬಣ್ಣ ಚಿತ್ರದಂತಿದೆಯೋ, ಒಂದು ಸಲ ಒಗೆದರೆ ಏನಾಗುತ್ತದೆ, ನೋಡಿ. ಅದರಲ್ಲಿ ಒಂದನ್ನು ಬೇಕೆಂದೇ ವಾಪಸ್ ಕಳಿಸಿ. ಹಣ ಎಷ್ಟು ದಿನಕ್ಕೆ ಮರಳಿತು ಎಂಬುದರಲ್ಲಿ ಅಸಾಮಿಯ ಯೋಗ್ಯತೆ ಗೊತ್ತಾಗುತ್ತದೆ.

ಎರಡನೆಯದು, ಬಾಯಿಮಾತು ಬೇಡ. ಹರಿದ ಮಾಲು, ಬದಲಾದ ಬಣ್ಣ, ತಡ, ಕೊರಿಯರಿನಲ್ಲಿ ಕಳೆದದ್ದು: ಯಾವುದರ ನಷ್ಟ ಯಾರದು ಎಂದು ಮೊದಲೇ ಬರೆಸಿಕೊಳ್ಳಿ. ಮುಂಗಡ ಎಂದು ದೊಡ್ಡ ಮೊತ್ತ ಕಟ್ಟಬೇಡಿ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ಮೂರನೆಯದು, ಒಬ್ಬನನ್ನೇ ನಂಬಿ ಕೂರಬೇಡಿ. ಚೆನ್ನಾಗಿ ಓಡುವ ಮಾಲಿಗೆ ಇಬ್ಬರು ಇರಲಿ. ದೀಪಾವಳಿ ಮುಗಿದ ಮೇಲೆ ಸೂರತ್ತಿನ ಬಟ್ಟೆ ಮಾರುಕಟ್ಟೆ ಲಾಭ ಪಂಚಮಿಯ ತನಕ ಬಾಗಿಲು ಹಾಕಿರುತ್ತದೆ. ನಿಮ್ಮ ಮೊಬೈಲ್ ಅಂಗಡಿ ಮಾತ್ರ ಆರ್ಡರು ಹಿಡಿಯುತ್ತಲೇ ಇದ್ದರೆ, ಹಬ್ಬದ ಮರುವಾರ ಬೈಗುಳದ ಸುಗ್ಗಿ! ಇಂಥ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಆ ಮಾಲುಗಳನ್ನು ಮೊದಲೇ ಮರೆಮಾಡಬೇಕು.

ನಾಲ್ಕನೆಯದು ಬಿಲ್ಲು. ಸೂರತ್ತಿನವನ ಬಿಲ್ಲು ನಿಮ್ಮ ಹೆಸರಿಗೆ, ನಿಮ್ಮ ಬಿಲ್ಲು ಗಿರಾಕಿಯ ಹೆಸರಿಗೆ. ಎರಡೂ ಬೇರೆ ಬೇರೆ. ಅವನ ಬಿಲ್ಲು ಸೀರೆಯ ಪೆಟ್ಟಿಗೆಯೊಳಗೆ ಹೋದರೆ 450ರ ಗುಟ್ಟು ಗಿರಾಕಿಯ ಮನೆಯಲ್ಲೇ ರಟ್ಟು! ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇದೆ. 2022ರ ಜನವರಿಯಿಂದ, ಮಾರಿದವನು ತನ್ನ ಜಿಎಸ್‌ಟಿ ಲೆಕ್ಕದಲ್ಲಿ ಆ ಬಿಲ್ಲನ್ನು ತೋರಿಸದಿದ್ದರೆ ಕೊಂಡವನಿಗೆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. ಅವನು ಕಟ್ಟದ ಲೆಕ್ಕಕ್ಕೆ ನೀವು ದಂಡ ತೆತ್ತಂತೆ. ತಿಂಗಳಿಗೊಮ್ಮೆ ಪೋರ್ಟಲ್ಲಿನಲ್ಲಿ 2ಬಿ ಪಟ್ಟಿ ತೆಗೆದು ನೋಡಿ ಎಂದು ನಿಮ್ಮ ಲೆಕ್ಕಪತ್ರದವರಿಗೆ ಹೇಳಿ.

ಸೀರೆ ಬಿಟ್ಟು ಆಟಿಕೆ ಮಾರುತ್ತೇವೆ ಎನ್ನುವವರಿಗೂ ಒಂದು ಮಾತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಮುದ್ರೆ ಕಡ್ಡಾಯ. ಚನ್ನಪಟ್ಟಣದ ಗೊಂಬೆಯಂಥ, ಭೌಗೋಳಿಕ ಗುರುತು ಪಡೆದ ಮಾಲಿನ ನೋಂದಾಯಿತ ಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಇದೆ. ಕಳಿಸುವವನ ಬಳಿ ಆ ಕಾಗದ ಉಂಟೋ ಇಲ್ಲವೋ, ಕೇಳಿ ತರಿಸಿಕೊಳ್ಳಿ.

ಬಸ್ಸಿನ ಸೀಟಿನಲ್ಲಿ ಕೂತು ಮೊಬೈಲಿನಲ್ಲೇ ಸೀರೆ ಆರಿಸುವವರೂ ದುಡ್ಡು ಕಟ್ಟುವ ಮೊದಲು ಮಾರುವವನ ಹೆಸರು, ವಿಳಾಸ, ದೂರು ಹೇಳುವ ನಂಬರು ಕಾಣುತ್ತದೆಯೇ ನೋಡಿಕೊಳ್ಳಿ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಮಾರುವವರಿಗೆ ಇವತ್ತಿನ ಕೆಲಸ ಒಂದೇ. ರಾತ್ರಿ ಊಟಕ್ಕೆ ಕೂರುವ ಮುನ್ನ ಸೂರತ್ತಿಗೆ ಫೋನು ಹಚ್ಚಿ, ಚಿತ್ರ ಹಾಕಿರುವ ಮಾಲಿನಲ್ಲಿ ಯಾವುದು ಖಾಲಿಯಾಗಿದೆ ಎಂದು ಕೇಳಿ. ಇಲ್ಲದ ಸೀರೆಯ ಚಿತ್ರವನ್ನು ಈ ರಾತ್ರಿಯೇ ತೆಗೆಯಿರಿ. ಬೆಳಗಾದರೆ ಅದಕ್ಕೆ ಯಾರೋ ದುಡ್ಡು ಕಟ್ಟಿರುತ್ತಾರೆ.