ಲೇಸರ್ ಹಗುರವಾದರೆ ಸಾಲದು, ಮೋಡವೂ ಸರಿಯಬೇಕು

ಎಂಜಿನಿಯರಿಂಗ್ ಓದುವಾಗ ಲ್ಯಾಬಿನಲ್ಲಿ ಲೇಸರ್ ಪಾಯಿಂಟರ್ ಇಟ್ಟುಕೊಂಡು ಮೇಜಿನ ಈ ತುದಿಯಿಂದ ಆ ತುದಿಗೆ ಹಾಡು ಕಳಿಸಿದ್ದೆವು. ಯಾರದ್ದಾದರೂ ಮೊಣಕೈ ಮೇಜಿಗೆ ತಾಗಿದರೆ ಸಾಕು, ಹಾಡು ಬಂದ್. ವಿಮಾನದಿಂದ ನೆಲಕ್ಕೆ ಲೇಸರ್‌ನಲ್ಲಿ ಮಾಹಿತಿ ಇಳಿಸುವ ಸುದ್ದಿ ಓದಿದಾಗಲೆಲ್ಲ ನನಗೆ ಆ ಮೇಜು ನೆನಪಾಗುತ್ತೆ. ಇಲ್ಲಿ ಮೇಜೇ ಹಾರುತ್ತಿರುತ್ತೆ ನೋಡಿ!

ಆದರೂ ಇದು ಆಗಿದೆ. 2013ರಲ್ಲಿ ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್ಆರ್ ಮತ್ತು ಅದರ ಜೊತೆಗಾರ ಕಂಪನಿಗಳು, ಗಂಟೆಗೆ 800 ಕಿ.ಮೀ. ವೇಗದಲ್ಲಿದ್ದ ಟೊರ್ನಾಡೊ ಯುದ್ಧವಿಮಾನದಿಂದ 60 ಕಿ.ಮೀ. ದೂರದ ನೆಲದ ಕೇಂದ್ರಕ್ಕೆ ಸೆಕೆಂಡಿಗೆ 1.25 ಗಿಗಾಬಿಟ್ ಮಾಹಿತಿ ಕಳಿಸಿದವು.

ಕಷ್ಟ ಇರೋದು ಗುರಿ ಹಿಡಿಯುವುದರಲ್ಲಿ. 1 ಕಿ.ಮೀ.ಗೆ 10 ಸೆಂ.ಮೀ. ಹರಡುವ ಕಿರಣ 60 ಕಿ.ಮೀ. ಸಾಗಿದ ಮೇಲೂ ಬರೀ 6 ಮೀಟರ್ ಅಗಲ. ಅಷ್ಟರಲ್ಲಿ ವಿಮಾನ ಸೆಕೆಂಡಿಗೆ 220 ಮೀಟರ್ ಓಡುತ್ತಿರುತ್ತೆ, ನಡುಗುತ್ತಲೂ ಇರುತ್ತೆ. ಹಾಗಾಗಿ ಕೆಲಸ ಎರಡು ಹಂತದಲ್ಲಿ. ಮೊದಲು ಜಿಪಿಎಸ್ ಲೆಕ್ಕದ ಮೇಲೆ ಮೋಟಾರು ಇಡೀ ದೂರದರ್ಶಕವನ್ನು ಸರಿಸುಮಾರು ದಿಕ್ಕಿಗೆ ತಿರುಗಿಸುತ್ತೆ. ಆಮೇಲೆ ನೆಲದಿಂದ ಬರುವ ದಾರಿದೀಪದಂಥ ಇನ್ನೊಂದು ಲೇಸರನ್ನು ಸೆನ್ಸರ್ ನೋಡುತ್ತಾ, ಪುಟ್ಟ ಕನ್ನಡಿಯೊಂದನ್ನು ಕ್ಷಣಕ್ಷಣವೂ ಅಲುಗಿಸಿ ಗುರಿ ತಿದ್ದುತ್ತೆ.

ತೂಕದ ಪ್ರಶ್ನೆ ಬರೋದು ಇಲ್ಲೇ. ಲೇಸರ್ ಪುಟ್ಟದು, ಭಾರವೆಲ್ಲ ಮೋಟಾರು, ದೂರದರ್ಶಕ, ಗಾಜಿನ ಗುಮ್ಮಟದ್ದು. ಜಾಣ ವಿನ್ಯಾಸ ಏನು ಮಾಡುತ್ತೆ ಅಂದ್ರೆ ಹೊರೆಯನ್ನು ನೆಲಕ್ಕೆ ಇಳಿಸುತ್ತೆ. ಮೇಲೆ ಚಿಕ್ಕ ಮಸೂರ, ಕೆಳಗೆ ದೊಡ್ಡ ದೂರದರ್ಶಕ. ಬಿಸಿಗಾಳಿಯಿಂದ ನಕ್ಷತ್ರ ಮಿನುಗಿದಂತೆ ಕಿರಣವೂ ಮಿನುಗುತ್ತೆ. ನೆಲದ ದೊಡ್ಡ ಮಸೂರ ಆ ಏರಿಳಿತವನ್ನೂ ತಗ್ಗಿಸುತ್ತೆ. 1550 ನ್ಯಾನೊಮೀಟರ್ ಬೆಳಕು ಬಳಸಿದರೆ ಫೈಬರ್ ಇಂಟರ್ನೆಟ್ಟಿಗೆಂದೇ ತಯಾರಾದ ಹಗುರ ಬಿಡಿಭಾಗಗಳು ಸಿಗುತ್ತವೆ, ಕಣ್ಣಿಗೂ ಅಪಾಯ ಕಡಿಮೆ.

ಇಷ್ಟೆಲ್ಲ ಮಾಡಿದರೂ ಗೆಲ್ಲಲಾಗದ ಎದುರಾಳಿ ಒಂದಿದೆ: ಮೋಡ. ಇದರ ದೊಡ್ಡ ಉಪಯೋಗ ಅಂತ ಹೇಳೋದು ಪ್ರವಾಹದಂಥ ಹೊತ್ತಲ್ಲಿ ವಿಮಾನ ತೆಗೆದ ಚಿತ್ರಗಳನ್ನು ತಕ್ಷಣ ರಕ್ಷಣಾ ತಂಡಕ್ಕೆ ಮುಟ್ಟಿಸುವುದು. ಆದರೆ ನಮ್ಮ ಕೊಡಗಿನಲ್ಲಿ ಹೊಳೆ ಉಕ್ಕುವ ದಿನ ಆಕಾಶ ತೆರೆದಿರುತ್ತಾ? ಬೇಕೇಬೇಕಾದ ದಿನವೇ ಕಿರಣ ಕುರುಡು.

ಹಾಗಂತ ಇದು ವ್ಯರ್ಥ ಅಲ್ಲ. ಮೋಡದ ಕೆಳಗೆ ಹಾರಬಹುದು, ಬೇರೆ ಬೇರೆ ಊರಲ್ಲಿ ಕೇಂದ್ರ ಇಡಬಹುದು. ಆದರೆ ರೇಡಿಯೊ ಜೊತೆಗಿರಲೇಬೇಕು. ನಿಧಾನವಾದರೂ ಅದು ಮೋಡ ದಾಟುತ್ತೆ. ಹಗುರ ಮಾಡುವ ಹುಮ್ಮಸ್ಸಿನಲ್ಲಿ ರೇಡಿಯೊವನ್ನೇ ಕಿತ್ತುಹಾಕಿದರೆ, ಉಳಿದ ಆ ಕೆಲವು ಕಿಲೋ ತುಂಬಾ ದುಬಾರಿಯಾದೀತು.