ಸಂತೆ ಹೊತ್ತಿಗೆ ಮೂರು ಮೊಳ

ಈದ್ ಹತ್ತಿರ ಬಂತೆಂದರೆ ದರ್ಜಿಯ ಅಂಗಡಿಯಲ್ಲಿ ಒಂದು ಮಾತು ಕೇಳಿಸುತ್ತದೆ. ರಮಝಾನಿನ ಮೊದಲ ವಾರದಲ್ಲೇ ಕೊಟ್ಟ ಬಟ್ಟೆಗೆ ಚಂದ್ರದರ್ಶನದ ರಾತ್ರಿ ಗುಂಡಿ ಹಚ್ಚುತ್ತಿದ್ದರೆ, ಕಾದು ನಿಂತವರಲ್ಲಿ ಯಾರಾದರೊಬ್ಬರು "ಸಂತೆ ಹೊತ್ತಿಗೆ ಮೂರು ಮೊಳ ನೇಯ್ದ ಹಾಗಾಯಿತು" ಎನ್ನದೆ ಇರುವುದಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಬಿಡಿಸುವ ಮಗನಿಗೂ ತಾಯಿ ಹೇಳುವುದು ಅದನ್ನೇ. ಎಲ್ಲರೂ ನಗುತ್ತಾರೆ. ಆದರೆ ಈ ಮೂರು ಮೊಳ ಎಲ್ಲಿಂದ ಬಂತು?

ಗಾದೆಗೆ ಕರ್ತೃವಿಲ್ಲ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಕಿಟೆಲ್ ಅವರು ಪದಗಳ ಬಳಕೆ ತೋರಿಸಲು ರಾಶಿ ರಾಶಿ ಗಾದೆಗಳನ್ನು ಸೇರಿಸಿದರು. ಅಲ್ಲಿಯೂ ಗಾದೆಗಳ ಮುಂದೆ ಯಾರ ಹೆಸರೂ ಇಲ್ಲ. ಹುಟ್ಟಿನ ಗುರುತು ಬೇಕಿದ್ದರೆ ಗಾದೆಯೊಳಗಿನ ಪದಗಳನ್ನೇ ಬಿಡಿಸಿ ನೋಡಬೇಕು.

ಮೊದಲನೆಯದು ಸಂತೆ. ಸೋಮವಾರಪೇಟೆ, ಶನಿವಾರಸಂತೆ ಎಂಬ ಹೆಸರುಗಳನ್ನು ನಾವು ಬಸ್ಸಿನ ಬೋರ್ಡಿನಲ್ಲಿ ದಿನವೂ ಓದುತ್ತೇವೆ, ಅರ್ಥ ಯೋಚಿಸುವುದಿಲ್ಲ. ಕೊಡಗಿನ ಉತ್ತರದ ಅಂಚಿನಲ್ಲಿ, ಹಾಸನ ಜಿಲ್ಲೆಗೆ ತಾಗಿದಂತಿರುವ ಶನಿವಾರಸಂತೆಗೆ ವಾರದ ದಿನವೇ ಹೆಸರಾಯಿತು. ಅಂಗಡಿ ದಿನವೂ ತೆರೆದಿರದ ಕಾಲದಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಇದ್ದದ್ದು ಆ ಒಂದೇ ದಿನ. ಶನಿವಾರ ತಪ್ಪಿದರೆ ಮುಂದಿನ ಶನಿವಾರ. ಗಾದೆಯಲ್ಲಿರುವ ಅವಸರವೆಲ್ಲ ಇಲ್ಲಿಂದ ಬಂದದ್ದು.

ಇನ್ನು ಮೊಳ. ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ, ಸುಮಾರು 18 ಅಂಗುಲ. ಎರಡು ಮೊಳಕ್ಕೆ ಒಂದು ಗಜ. ಮೀಟರ್ ಬಂದು ಬಟ್ಟೆ ಅಂಗಡಿಯಿಂದ ಮೊಳವನ್ನು ಓಡಿಸಿತು. ಮಲ್ಲಿಗೆ ಮಾರುವಾಕೆಯ ಕೈಯಲ್ಲಿ ಮಾತ್ರ ಅದು ಉಳಿದಿದೆ, ಆ ಕೈ ಪ್ರತಿವರ್ಷ ಗಿಡ್ಡವಾಗುತ್ತಿದೆಯೇನೋ ಎಂಬ ಅನುಮಾನವೂ ನಮಗೆ ಇದ್ದೇ ಇದೆ! ಆರು ಗಜದ ಸೀರೆಗೆ ಹನ್ನೆರಡು ಮೊಳ ಬೇಕು. ಮೂರು ಮೊಳವೆಂದರೆ ಸೀರೆಯ ಕಾಲು ಭಾಗ. ಅದನ್ನು ಹೆಗಲಿಗೆ ಹಾಕಿಕೊಳ್ಳಬಹುದು, ಉಡಲಾಗದು. ನಗು ಇರುವುದು ಇಲ್ಲಿ.

ಕಾಫಿ, ಮೆಣಸು ಬೆಳೆಯುವ ಮಳೆಯ ನಾಡು ಹತ್ತಿಯ ಸೀಮೆಯಲ್ಲ. ಹಾಗಾಗಿ ಈ ಗಾದೆ ಬಯಲುಸೀಮೆಯ ಯಾವುದೋ ಮಗ್ಗದ ಮನೆಯ ಸುತ್ತಮುತ್ತ ಹುಟ್ಟಿ, ಸಂತೆಯಿಂದ ಸಂತೆಗೆ ನಡೆದು ಬಂದಿರಬೇಕೆಂದು ನನಗನಿಸುತ್ತದೆ.

ಆ ಮನೆಯೊಳಗೆ ಸ್ವಲ್ಪ ಇಣುಕೋಣ. ನೇಕಾರ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಲಾಳಿ ಎಸೆಯುವುದು ಕೊನೆಯ ಕೆಲಸ. ಅದಕ್ಕೂ ಮುಂಚೆ ನೂಲು ಸಿದ್ಧವಾಗಬೇಕು. ಹಾಸಿನ ಎಳೆಗಳನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಉಜ್ಜಿ ಒಣಗಿಸಬೇಕು. ಆಮೇಲೆ ಒಂದೊಂದೇ ಎಳೆಯನ್ನು ಮಗ್ಗಕ್ಕೆ ಕೂಡಿಸಬೇಕು. ಹೊಕ್ಕಿಗೆ ಬೇಕಾದ ನೂಲನ್ನು ಕಂಡಿಕೆಗೆ ಸುತ್ತುವುದು ಮನೆಯ ಹೆಂಗಸರು ಮತ್ತು ಮಕ್ಕಳ ಪಾಲು. ಮಧ್ಯದಲ್ಲಿ ಎರಡು ದಿನ ಮಳೆ ಹಿಡಿಯಿತೆಂದರೆ ಹಾಸು ಒಣಗದು, ಮಗ್ಗದ ಕುಣಿಯಲ್ಲೂ ನೀರು. ವಾರದ ನಾಲ್ಕು ದಿನ ಹೀಗೆ ಕಳೆದು, ಕೈಗೆ ನೂಲು ಬರುವಾಗ ನಾಳೆಯೇ ಸಂತೆ! ಅಕ್ಕಿ, ಉಪ್ಪು, ಎಣ್ಣೆ ಬರಬೇಕಾದದ್ದೂ ಆ ಸಂತೆಯಿಂದಲೇ. ರಾತ್ರಿ ದೀಪ ಹಚ್ಚಿ ನೇಯ್ದಷ್ಟನ್ನು ಕತ್ತರಿಸಿಕೊಂಡು ಓಡಬೇಕು. ಸಿಕ್ಕಿದ್ದು ಮೂರು ಮೊಳ.

ಇದನ್ನು ಸೋಮಾರಿತನವೆನ್ನಲು ನನಗೆ ಮನಸ್ಸು ಬಾರದು. ಸೀರೆ ಪೂರ್ತಿಯಾಗಲೆಂದು ಕೂತಿದ್ದರೆ ಆ ವಾರ ಒಲೆ ಉರಿಯುತ್ತಿರಲಿಲ್ಲ. ಅಷ್ಟಿಷ್ಟು ನೇಯ್ದು ಆಯಾ ವಾರದ ಹೊಟ್ಟೆಗೆ ದಾರಿ ಮಾಡಿಕೊಳ್ಳುವ ಲೆಕ್ಕ ಅದು. ಸಂತೆಯಲ್ಲಿ ನಿಂತ ಗಿರಾಕಿಗೆ ಕಂಡದ್ದು ತುಂಡು ಬಟ್ಟೆ ಮಾತ್ರ, ಕಂಡಿಕೆ ಸುತ್ತಿದ ಕೈಗಳಲ್ಲ.

ನೇಕಾರರನ್ನು ಹೀಗೆ ಗಾದೆಗೆಳೆಯುವುದು ನಮ್ಮಲ್ಲಷ್ಟೇ ಅಲ್ಲ. "ಸೂತ್ ನ ಕಪಾಸ್, ಜುಲಾಹೇ ಸೇ ಲಠ್ಠಮ್ ಲಠ್ಠಾ" ಎಂದು ಉತ್ತರದ ಕಡೆ ಹೇಳುತ್ತಾರೆ. ನೂಲೂ ಇಲ್ಲ, ಹತ್ತಿಯೂ ಇಲ್ಲ, ಆಗಲೇ ನೇಕಾರನ ಜೊತೆ ದೊಣ್ಣೆ ಹಿಡಿದು ಜಗಳ. ಇಲ್ಲಿ ಪೆಚ್ಚಾಗುವವನು ಮಾತ್ರ ಗಿರಾಕಿ, ಪುಣ್ಯಕ್ಕೆ!

ಗಿರಾಕಿಯನ್ನು ಹಾಸ್ಯ ಮಾಡುವ ಇಂಥ ಮಾತು ನಿಮ್ಮ ಅಜ್ಜಿಯ ಬಾಯಲ್ಲಿ, ಬ್ಯಾರಿಯಲ್ಲೋ ಉರ್ದುವಿನಲ್ಲೋ ಕನ್ನಡದಲ್ಲೋ ಇದ್ದರೆ ಬರೆದು ಕಳುಹಿಸಿ.