ಗಡಿಯಾರ ಸಡಿಲಿಸಿ, ಕ್ರಮ ಉಳಿಸಿ

ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಬಂದರೆ ಬೀದಿಯ ಮಕ್ಕಳೆಲ್ಲ ಕುಣಿದಾಡುತ್ತಾರೆ. ಆಟಿಸಂ ಇರುವ ಮಗುವಿನ ಮನೆಯಲ್ಲಿ ಅದೇ ವಾರ ನಿದ್ದೆ ಕೆಡುತ್ತದೆ, ಊಟ ತಪ್ಪುತ್ತದೆ, ಸಣ್ಣದಕ್ಕೆಲ್ಲ ಅಳು ಬರುತ್ತದೆ. ಯೂನಿಫಾರ್ಮ್ ಹಾಕುವಂತಿಲ್ಲ, ದಿನಾ ಬರುತ್ತಿದ್ದ ವ್ಯಾನ್ ಬರುವುದಿಲ್ಲ, ತಿಂಡಿಯಾದ ಮೇಲೆ ಏನು ಎಂದು ಯಾರೂ ಹೇಳುವುದಿಲ್ಲ. ಇಷ್ಟರ ನಡುವೆ ಊರಿನಿಂದ ಬಂದ ನೆಂಟರು ಎರಡು ದಿನ ನೋಡಿ, ‘ಮುದ್ದು ಮಾಡಿ ಹಟ ಕಲಿಸಿದ್ದೀಯಮ್ಮ’ ಎಂದು ತಾಯಿಗೆ ಬುದ್ಧಿ ಹೇಳಿ ಹೋಗುತ್ತಾರೆ. ಆದರೆ ಇದು ಹಟವಲ್ಲ. ಮುಂದೇನು ಎಂಬುದು ಗೊತ್ತಿದ್ದರೆ ಮಾತ್ರ ನೆಮ್ಮದಿಯಾಗಿರುವ ಮಗುವಿಗೆ ದಿನದ ಗುರುತುಗಳೆಲ್ಲ ಒಮ್ಮೆಲೇ ಅಳಿಸಿಹೋದ ಸಂಕಟ.

ಒಂದೇ ಕ್ರಮಕ್ಕೆ ಅಂಟಿಕೊಳ್ಳುವುದನ್ನು ವೈದ್ಯರು ಆಟಿಸಂನ ಲಕ್ಷಣಗಳಲ್ಲೇ ಎಣಿಸುತ್ತಾರೆ. ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಇರುವವರ ಪಾಡು ಬೇರೆ. ಹೊಸ ಟೈಮ್‌ಟೇಬಲ್ ಬರೆದ ಮೊದಲ ದಿನಗಳಲ್ಲಿ ಬಹಳ ಉತ್ಸಾಹ; ಆಮೇಲೆ ಗೋಡೆಯ ಮೇಲಿನ ಆ ಕಾಗದ ಅವರ ಕಣ್ಣಿಗೇ ಬೀಳುವುದಿಲ್ಲ. ಎರಡೂ ಒಟ್ಟಿಗಿರುವವರೂ ಬಹಳ ಮಂದಿ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯ ಐದನೇ ಆವೃತ್ತಿ ತರುವವರೆಗೆ, ಆ ಕೈಪಿಡಿಯ ಪ್ರಕಾರ ಒಬ್ಬರಲ್ಲೇ ಎರಡನ್ನೂ ಗುರುತಿಸುವಂತಿರಲಿಲ್ಲ. ಕ್ರಮ ಇಲ್ಲದಿದ್ದರೆ ಕಂಗಾಲು, ಕ್ರಮ ಇದ್ದರೆ ಬೇಸರ ಎಂಬ ಎಳೆದಾಟದಲ್ಲಿ ಬದುಕುವವರಿಗೆ ‘ಶಿಸ್ತು ಬೆಳೆಸಿಕೊಳ್ಳಿ’ ಎಂಬ ಸಲಹೆಯಿಂದ ಏನೂ ಸಿಗುವುದಿಲ್ಲ.

ದಿನಚರಿಯಲ್ಲಿ ಗಟ್ಟಿಯಾಗಿರಬೇಕಾದದ್ದು ಒಂದಾದ ಮೇಲೊಂದು ಬರುವ ಕ್ರಮ. ಗಂಟೆ ನಿಮಿಷ ಅಲ್ಲ. ‘ಏಳಕ್ಕೆ ಸ್ನಾನ, ಏಳೂವರೆಗೆ ತಿಂಡಿ’ ಎಂದು ಬರೆದಿಟ್ಟರೆ, ಕರೆಂಟು ಹೋಗಿ ನೀರು ಕಾಯದ ದಿನ ಇಡೀ ಪಟ್ಟಿಯೇ ಸುಳ್ಳಾಗುತ್ತದೆ. ‘ಹಲ್ಲುಜ್ಜಿದ ಮೇಲೆ ಸ್ನಾನ, ಸ್ನಾನವಾದ ಮೇಲೆ ತಿಂಡಿ’ ಎಂದಿದ್ದರೆ ಅರ್ಧ ಗಂಟೆ ತಡವಾದರೂ ಪಟ್ಟಿ ನಿಜವಾಗಿಯೇ ಉಳಿಯುತ್ತದೆ. ಈ ಕ್ರಮವನ್ನು ಊರು ಬಿಟ್ಟು ಊರಿಗೂ ಒಯ್ಯಬಹುದು. ತಪಾಸಣೆಗೆಂದು ಬೆಂಗಳೂರಿನ ನಿಮ್ಹಾನ್ಸ್‌ಗೋ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ದೂರದೂರಿನಿಂದ ರಾತ್ರಿ ಬಸ್ಸಿನಲ್ಲಿ ಬರುವ ಕುಟುಂಬಗಳಿವೆ. ಮನೆಯಲ್ಲಿ ಮಲಗುವ ಮುಂಚೆ ಹಾಲು, ಆಮೇಲೆ ಒಂದು ಕಥೆ, ಆಮೇಲೆ ಅದೇ ಹೊದಿಕೆ ಎಂಬ ರೂಢಿಯಿದ್ದರೆ ಬಸ್ಸಿನ ಸೀಟಿನಲ್ಲೂ ಅದೇ ಮೂರು ನಡೆಯಲಿ. ಜಾಗ ಬದಲಾದರೂ ಮಗುವಿಗೆ ಮುಂದಿನದು ಗೊತ್ತಿರುತ್ತದೆ.

ಚಿತ್ರಗಳ ದಿನಚರಿ ಇಂದು ಸ್ಪೆಷಲ್ ಟೀಚರುಗಳೆಲ್ಲ ಬಲ್ಲ ಉಪಾಯ. ಅದಕ್ಕೆ ಗಟ್ಟಿ ರೂಪ ಕೊಟ್ಟವರಲ್ಲಿ ಮನಶ್ಶಾಸ್ತ್ರಜ್ಞ ಎರಿಕ್ ಶಾಪ್ಲರ್ ಮುಖ್ಯರು. 1972ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಟಿಸಂ ಇರುವವರಿಗಾಗಿ ಶುರುವಾದ ‘ಟೀಚ್’ ಕಾರ್ಯಕ್ರಮ ಅವರದು. ಬ್ರಷ್, ಬಕೆಟ್, ತಟ್ಟೆ, ಚಪ್ಪಲಿಯ ಫೋಟೊ ತೆಗೆದು ಸಾಲಾಗಿ ಅಂಟಿಸಿ, ಮುಗಿದದ್ದನ್ನು ಮಗುವೇ ಕಿತ್ತು ಡಬ್ಬಿಗೆ ಹಾಕಿದರೆ ಆಯಿತು. ಇಷ್ಟನ್ನು ಬಹಳ ಮನೆಗಳಲ್ಲಿ ಮಾಡುತ್ತಾರೆ. ಹಲವರು ಬಿಟ್ಟುಬಿಡುವುದು ‘ಬದಲಾವಣೆ’ಯ ಚೀಟಿಯನ್ನು. ಬಣ್ಣದ ಕಾಗದದ ಮೇಲೆ ಪ್ರಶ್ನೆ ಚಿಹ್ನೆಯೊಂದನ್ನು ಬರೆದು ಆ ಸಾಲಿನಲ್ಲೇ ಸೇರಿಸಬೇಕು. ಇಲ್ಲಿ ಅವಸರ ಮಾಡಬಾರದು. ಮೊದಮೊದಲು ಆ ಚೀಟಿ ಬಂದಾಗಲೆಲ್ಲ ಮಗುವಿಗೆ ಇಷ್ಟವಾದದ್ದೇ ಸಿಗಲಿ: ಪಾರ್ಕು, ಐಸ್‌ಕ್ರೀಂ, ಅಜ್ಜನ ಜೊತೆ ಸ್ಕೂಟರಿನಲ್ಲಿ ಒಂದು ಸುತ್ತು. ಆಮೇಲೆ ಇಷ್ಟವೂ ಅಲ್ಲದ, ಕಷ್ಟವೂ ಅಲ್ಲದ ಬದಲಾವಣೆ. ಇಡ್ಲಿಯ ಬದಲು ದೋಸೆ. ಕೊನೆಗೆ ದಂತವೈದ್ಯರ ಭೇಟಿಯಂಥದ್ದು. ಆ ಹೊತ್ತಿಗೆ ಬದಲಾವಣೆ ಎಂಬುದೇ ದಿನಚರಿಯ ಒಂದು ಮೆಟ್ಟಿಲಾಗಿರುತ್ತದೆ, ಅದರಾಚೆಗೆ ಏನಿದೆ ಎಂಬುದೂ ಸಾಲಿನಲ್ಲಿ ಕಾಣುತ್ತಿರುತ್ತದೆ.

ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವ ಗಳಿಗೆಗೂ ಇಷ್ಟೇ ಗಮನ ಬೇಕು. ಆಟಿಸಂ ಇರುವವರ ಗಮನ ಒಂದು ವಿಷಯದ ಒಳಗೆ ಆಳವಾಗಿ ಇಳಿಯುತ್ತದೆ, ಅಲ್ಲಿಂದ ಹೊರಬರಲು ಹೊತ್ತು ಬೇಕು ಎಂದು ಸಂಶೋಧಕರಾದ ದೀನಾ ಮರ್ರೆ, ವೆನ್ ಲಾಸನ್ ಮತ್ತು ಮೈಕ್ ಲೆಸ್ಸರ್ 2005ರ ಪ್ರಬಂಧದಲ್ಲಿ ವಾದಿಸಿದ್ದರು. ಅಡುಗೆಮನೆಯಿಂದಲೇ ‘ಊಟಕ್ಕೆ ಬಾರೋ’ ಎಂದು ಕೂಗಿದರೆ ಆ ಮಾತು ತಲುಪಿರುವುದೇ ಇಲ್ಲ. ಹತ್ತಿರ ಹೋಗಿ, ಅವನು ಮಾಡುತ್ತಿರುವುದನ್ನು ಒಂದು ಕ್ಷಣ ನೋಡಿ, ‘ಈ ರೈಲು ಸ್ಟೇಷನ್ ಮುಟ್ಟಿದ ಮೇಲೆ ಊಟ’ ಎಂದರೆ ಬರುವ ದಾರಿ ಅವನಿಗೆ ಸಿಗುತ್ತದೆ.

ಎಡಿಎಚ್‌ಡಿ ಇರುವ ದೊಡ್ಡವರ ತೊಡಕು ಹೆಚ್ಚಾಗಿ ಸಮಯ ಸರಿದದ್ದೇ ತಿಳಿಯದಿರುವುದು. ಮರಳು ಗಡಿಯಾರವೋ, ಉಳಿದ ಹೊತ್ತನ್ನು ಬಣ್ಣದಲ್ಲಿ ತೋರಿಸುವ ಟೈಮರೋ ನೆರವಾಗುತ್ತದೆ. ‘ಕಾಫಿ ಲೋಟ ತೊಳೆದಿಟ್ಟ ಕೂಡಲೇ ಮಾತ್ರೆ’ ಎಂಬಂತೆ ಹೊಸ ಕೆಲಸವನ್ನು ಹಳೆಯದಕ್ಕೆ ಕಟ್ಟುವುದೂ ಫಲ ಕೊಡುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ ಅಧ್ಯಯನ ಮಾಡಿದ್ದು ಇಂಥ ‘ಹೀಗಾದರೆ ಹೀಗೆ’ ಸಂಕಲ್ಪಗಳನ್ನೇ. ಬೇಸರ ಬಂದಾಗ ಕೆಲಸ ಅದೇ ಇದ್ದು ಹಾಡು ಬದಲಾಗಲಿ, ಕೂರುವ ಜಾಗ ಬದಲಾಗಲಿ. ಇನ್ನು, ಪಟ್ಟಿಗಳು ಎರಡಿರಬೇಕು. ಚೆನ್ನಾಗಿರುವ ದಿನಕ್ಕೊಂದು, ರಾತ್ರಿ ನಿದ್ದೆಯಿಲ್ಲದೆ, ತಲೆ ಸಿಡಿಯುವ ದಿನಕ್ಕೆ ಮಾತ್ರೆ, ಊಟ, ನಿದ್ದೆ ಎಂಬ ಮೂರೇ ಸಾಲಿನದ್ದೊಂದು. ಚಿಕ್ಕ ಪಟ್ಟಿ ಮುಗಿಸಿದ ದಿನವೂ ಪೂರ್ಣ ದಿನವೇ. ಇದನ್ನು ಮನೆಯವರು ಒಪ್ಪುವುದು ಬಹಳ ಮುಖ್ಯ.

ನನಗೆ ನಿಜವಾದ ಆತಂಕ ಹುಟ್ಟಿಸುವುದು ಮಕ್ಕಳ ದಿನವನ್ನು ಥೆರಪಿಗಳಿಂದ ತುಂಬಿಬಿಡುವ ಪರಿಪಾಠ. 1987ರಲ್ಲಿ ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ಇವಾರ್ ಲೋವಾಸ್ ಪ್ರಕಟಿಸಿದ ಅಧ್ಯಯನದಲ್ಲಿ ಆಟಿಸಂ ಇರುವ ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆ ತರಬೇತಿ ಇತ್ತು. ದೊಡ್ಡವರ ಆಫೀಸಿನ ವಾರದಷ್ಟು! ಹೆಚ್ಚು ಗಂಟೆ ಎಂದರೆ ಹೆಚ್ಚು ಪ್ರಗತಿ ಎಂಬ ನಂಬಿಕೆ ನಮ್ಮನ್ನು ಇನ್ನೂ ಬಿಟ್ಟಿಲ್ಲ. ಸ್ಪೀಚ್ ಥೆರಪಿ, ಆಕ್ಯುಪೇಶನಲ್ ಥೆರಪಿ, ಟ್ಯೂಷನ್ ಎಂದು ಮಧ್ಯಾಹ್ನದಿಂದ ಸಂಜೆಯವರೆಗೆ ಆಟೊದಲ್ಲಿ ಓಡುವ ಮಗುವಿನ ದಿನದಲ್ಲಿ ಬಾಗುವುದಕ್ಕೆ ಜಾಗವೇ ಇರುವುದಿಲ್ಲ. ಒಂದು ಟ್ರಾಫಿಕ್ ಜಾಮ್ ಸಾಕು, ಎಲ್ಲ ಕುಸಿಯುತ್ತದೆ. ಕೈ ಬೀಸುತ್ತಲೋ ಉಯ್ಯಾಲೆಯಲ್ಲೋ ಯಾರ ಸೂಚನೆಯೂ ಇಲ್ಲದೆ ಕಳೆಯುವ ಗಂಟೆಯೂ ಪಟ್ಟಿಯಲ್ಲಿರಬೇಕು, ಅದನ್ನು ಯಾವ ಕ್ಲಾಸಿಗೂ ಕೊಡಬಾರದು.

ಈ ಮಕ್ಕಳು ಬೆಳೆದು ಕಾಲೇಜಿಗೆ, ಕೆಲಸಕ್ಕೆ ಹೋಗುತ್ತಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಆಟಿಸಂ ಇದೆ, ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಸರ್ಕಾರಿ ಸಂಸ್ಥೆಗಳು ಈ ವೈಕಲ್ಯಗಳಿರುವ ನೌಕರರಿಗೆ ಸೂಕ್ತ ಹೊಂದಾಣಿಕೆ ಮಾಡಿಕೊಡಲೇಬೇಕು. ಎಡಿಎಚ್‌ಡಿ ಆ ಪಟ್ಟಿಯಲ್ಲಿಲ್ಲ. ಹೀಗಾಗಿ ಅದಿರುವ ನೌಕರರ ದಿನ ಹೇಗೆ ಸಾಗಬೇಕು ಎಂಬುದು ಮೇಲಧಿಕಾರಿಯ ಮನಸ್ಸಿನ ಮೇಲೆ ನಿಂತಿದೆ. ಅವರು ಕೇಳುವುದಾದರೂ ಎಷ್ಟು? ಮೀಟಿಂಗಿನ ಹೊತ್ತು ಬದಲಾದರೆ ಹಿಂದಿನ ದಿನವೇ ತಿಳಿಸುವುದು, ಬಾಯಿಮಾತಿನ ಕೆಲಸವನ್ನು ಎರಡು ಸಾಲು ಬರೆದು ಕೊಡುವುದು, ಒಂಬತ್ತಕ್ಕೆ ಬಂದವರೂ ಹತ್ತಕ್ಕೆ ಬಂದವರೂ ಒಂದೇ ಎಂದು ಎಣಿಸುವುದು. ಇದಕ್ಕೆ ಖರ್ಚಿಲ್ಲ, ಕಾಯ್ದೆಯ ತಿದ್ದುಪಡಿಗೆ ಕಾಯಬೇಕಾಗಿಯೂ ಇಲ್ಲ. ಬರುವ ಸೋಮವಾರದಿಂದಲೇ ಯಾವ ಕಚೇರಿಯಾದರೂ ಶುರುಮಾಡಬಹುದು.